ಹಂಪಿನಾ ಬಾದಾಮಿನಾ? ಬಂಡೆ ಹತ್ತೋರಿಗೆ

ಡಿಸೆಂಬರ್‌ನಲ್ಲಿ ನಾಲ್ಕು ದಿನ ರಜೆ, ಯಾವ ಕಡೆ ಹೋಗ್ಲಿ ಅಂತ ಕೇಳಿದ್ರಲ್ಲ. ಈ ಪ್ರಶ್ನೆ ಕ್ಲೈಂಬರ್‌ಗಳ ಮುಂದೆ ಇಟ್ರೆ ಜಗಳಾನೇ ಶುರು, ಹಂಪಿ ಕಡೆಯವ್ರು "ಬಾದಾಮಿ ಕಲ್ಲು ಬಿಸ್ಕತ್ತು" ಅಂತಾರೆ, ಬಾದಾಮಿಯವ್ರು "ನೀವು ಆಳೆತ್ತರ ಹತ್ತಿ ಹಾಸಿಗೆ ಮೇಲೆ ಬೀಳೋರು" ಅಂತ ನಗ್ತಾರೆ. ನಂಗೆ ಎರಡೂ ಪ್ರಾಣ.

ಖರ್ಚು ನೋಡಿದ್ರೆ ಹಂಪಿ ಹಗುರ, ಅಲ್ಲಿ ಹೆಚ್ಚಾಗಿ ಬೌಲ್ಡರಿಂಗ್, ಅಂದ್ರೆ ಹಗ್ಗ ಇಲ್ದೆ ಗಿಡ್ಡ ಬಂಡೆ ಹತ್ತೋದು. ಶೂ, ಕೈ ಜಾರದ ಹಾಗೆ ಹಚ್ಕೊಳ್ಳೋ ಚಾಕ್ ಪುಡಿ, ಬಿದ್ರೆ ಪೆಟ್ಟಾಗದ ಹಾಗೆ ಕೆಳಗೆ ಹಾಸೋ ಒಂದು ಕ್ರ್ಯಾಶ್ ಪ್ಯಾಡ್ ಇದ್ರೆ ಆಯ್ತು, ಒಬ್ರೇ ಹೋದ್ರೂ ಬಂಡೆ ಹತ್ರ ಯಾರಾದ್ರೂ ಜೊತೆ ಸಿಕ್ತಾರೆ. ಬಾದಾಮಿಗೆ ಹಗ್ಗ, ಸೊಂಟಕ್ಕೆ ಕಟ್ಟೋ ಹಾರ್ನೆಸ್, ಹಗ್ಗಾನ ಬಂಡೆಗೆ ಸಿಕ್ಕಿಸೋ ಕ್ವಿಕ್‌ಡ್ರಾ ಕೊಂಡಿ, ಹೆಲ್ಮೆಟ್, ಎಲ್ಲಕ್ಕಿಂತ ಮುಖ್ಯವಾಗಿ ಬಿಲೇ ಮಾಡೋ, ಅಂದ್ರೆ ಕೆಳಗಿಂದ ಹಗ್ಗ ಹಿಡಿದು ನಿಮ್ಮನ್ನ ಕಾಯೋ ನಂಬಿಕಸ್ಥ ಜೊತೆಗಾರ ಬೇಕೇ ಬೇಕು.

ಇನ್ನು ಕಲ್ಲು. ಹಂಪಿ ಗ್ರಾನೈಟು ಎರಡೇ ದಿನಕ್ಕೆ ಬೆರಳಿನ ಚರ್ಮ ಕಿತ್ಕೊಳ್ಳುತ್ತೆ, ಬಿಸಿಲೇರಿದ್ರೆ ಹಿಡಿಯೋಕೂ ಆಗಲ್ಲ, ಬೆಳಗ್ಗೆ ಸಂಜೆ ಮಾತ್ರ ಹತ್ತಿ. ಬಾದಾಮಿ ಕೆಂಪು ಮರಳುಗಲ್ಲು ಕೈಗೆ ಮೆತ್ತಗೆ, ಹಿಡಿತ ದೊಡ್ಡದು, ಹಗ್ಗ ಸಿಕ್ಕಿಸೋಕೆ ಬಂಡೇಲಿ ಬೋಲ್ಟ್ ಹಾಕಿರೋ ರೂಟು ಬೇಕಾದಷ್ಟಿದೆ, ಸುಲಭದ್ದರಿಂದ ಹಿಡಿದು 8ಬಿ ಪ್ಲಸ್ ಅನ್ನೋ ತುಂಬಾ ಕಷ್ಟದ ದರ್ಜೆಯ 'ಗಣೇಶ' ರೂಟಿನವರೆಗೂ. ಆದ್ರೆ ಮಳೆ ಬಿದ್ರೆ ಒಣಗೋವರೆಗೂ ದಯವಿಟ್ಟು ಮುಟ್ಬೇಡಿ, ಒದ್ದೆ ಮರಳುಗಲ್ಲು ಮುರಿಯುತ್ತೆ. ಕೋತಿಗಳಿಂದ ಊಟದ ಚೀಲಾನೂ ಕಾಪಾಡ್ಕೊಳ್ಳಿ.

ಒಬ್ರೇ ಇದ್ರೆ, ಬೌಲ್ಡರಿಂಗ್ ಇಷ್ಟ ಇದ್ರೆ ಹಂಪಿ. ಜೊತೆಗಾರ ಇದ್ದು ಲೀಡ್ (ಹಗ್ಗಾನ ಬೋಲ್ಟಿಗೆ ಸಿಕ್ಕಿಸ್ತಾ ಮೇಲೆ ಹತ್ತೋದು) ಕಲಿಬೇಕು ಅಂದ್ರೆ ಬಾದಾಮಿ. ರಜೆ ಒಂದೇ ದಿನಕ್ಕಿಳಿದ್ರೆ ಬೆಂಗಳೂರಿಂದ ರಾಮನಗರಕ್ಕೆ ಹೋಗ್ಬನ್ನಿ.