ಸೌತ್ ಪೆಸಿಫಿಕ್: 1958, 2001, 2005 – ಯಾವುದನ್ನು ನೋಡುವುದು?

ಎರಡನೇ ಮಹಾಯುದ್ಧದ ಪೆಸಿಫಿಕ್ ದ್ವೀಪ, ಅಮೆರಿಕದ ನರ್ಸ್ ನೆಲ್ಲಿ, ಫ್ರೆಂಚ್ ತೋಟದ ಯಜಮಾನ ಎಮಿಲ್. 1949ರಲ್ಲಿ ಬ್ರಾಡ್‌ವೇ ರಂಗಕ್ಕೆ ಬಂದ ಈ ಸಂಗೀತನಾಟಕದ ಮೂರು ಬಗೆಯ ಚಿತ್ರೀಕರಣಗಳು ಇಲ್ಲಿವೆ. ಕಥೆ ಒಂದೇ, ಆದರೆ ಒಂದರ ಬದಲು ಇನ್ನೊಂದು ಸಾಕು ಎನ್ನುವಂತಿಲ್ಲ.

ಜೋಶುವಾ ಲೋಗನ್ ನಿರ್ದೇಶನದ 1958ರ ಚಿತ್ರಕ್ಕೆ ಹವಾಯಿಯ ಕವಾಯಿ ದ್ವೀಪವೇ ಬಂಡವಾಳ. ತೆಗೆದದ್ದು 65 ಎಂಎಂ ನೆಗೆಟಿವ್‌ನ ಟಾಡ್-ಎಓ ಎಂಬ ಅಗಲ ಪರದೆಯ ಪದ್ಧತಿಯಲ್ಲಿ. ಆ ಸಮುದ್ರ, ಆ ಬೆಟ್ಟ ಬೇರೆರಡರಲ್ಲಿ ಸಿಗುವುದಿಲ್ಲ. ತಕರಾರಿರುವುದು ಬಣ್ಣದ ಬಗ್ಗೆ. ಹಾಡು ಶುರುವಾದರೆ ಪರದೆಯೆಲ್ಲ ಹಳದಿಗೋ ನೇರಳೆಗೋ ತಿರುಗುತ್ತದೆ. ಟಿವಿ ಕೆಟ್ಟಿದೆ ಅಂದುಕೊಳ್ಳಬೇಡಿ. ಫಿಲ್ಟರ್ ಹಾಕಿದ್ದು ಕ್ಯಾಮೆರಾಕ್ಕೇ, ಹಾಗಾಗಿ ಬಣ್ಣ ನೆಗೆಟಿವ್‌ನಲ್ಲೇ ಕೂತಿದೆ. ಯಾವ ಸೆಟ್ಟಿಂಗಿನಿಂದಲೂ ಹೋಗದು. ‘ವಿವಿಡ್’ ಮೋಡ್ ಇದನ್ನು ಇನ್ನಷ್ಟು ಕೆಡಿಸುತ್ತದೆ, ‘ಸಿನಿಮಾ’ ಮೋಡ್‌ಗೆ ಬದಲಿಸಿ. ಚಿತ್ರದ ಚೌಕಟ್ಟು 2.20:1, ಅಂದರೆ ಮೇಲೆ ಕೆಳಗೆ ತೆಳು ಕಪ್ಪುಪಟ್ಟಿ ಕಾಣಲೇಬೇಕು. ಚಿತ್ರ ಪರದೆ ತುಂಬಿದ್ದರೆ ಎಡಬಲದಲ್ಲಿ ಕತ್ತರಿ ಬಿದ್ದಿದೆ ಎಂದರ್ಥ.

ಇದರಲ್ಲೇ ಎರಡು ಆವೃತ್ತಿಗಳಿವೆ: 157 ನಿಮಿಷದ್ದು, ಮೊದಲು ಆಯ್ದ ಚಿತ್ರಮಂದಿರಗಳಲ್ಲಿ ತೋರಿಸಿದ 171 ನಿಮಿಷದ ‘ರೋಡ್‌ಶೋ’. 2009ರ ಬ್ಲೂ-ರೇಯಲ್ಲಿ ಎರಡೂ ಇವೆ. ಹೆಚ್ಚಿನ 14 ನಿಮಿಷ ಬಣ್ಣ ಮಾಸಿದ ಪ್ರಿಂಟ್‌ನಿಂದ ಸೇರಿಸಿದ್ದು, ಜೋಡಣೆ ಕಣ್ಣಿಗೆ ಹೊಡೆಯುತ್ತದೆ. ಮೊದಲ ಸಲಕ್ಕೆ ಚಿಕ್ಕದೇ ಸರಿ.

ಹಾಡಿನ ವಿಷಯಕ್ಕೆ ಬಂದರೆ ತಕ್ಕಡಿ ವಾಲುತ್ತದೆ. ಎಮಿಲ್ ಪಾತ್ರದ ರೊಸಾನೊ ಬ್ರಾಜ್ಜಿಗೆ ಹಾಡಿದ್ದು ಜಾರ್ಜಿಯೊ ಟೊಜ್ಜಿ, ಯುವ ಸೇನಾಧಿಕಾರಿ ಕೇಬಲ್ ಪಾತ್ರದ ಜಾನ್ ಕೆರ್‌ಗೆ ಬಿಲ್ ಲೀ. ಹಿನ್ನೆಲೆ ಗಾಯನಕ್ಕೆ ಒಗ್ಗಿದ ನಮಗೆ ಇದೇನು ದೊಡ್ಡದಲ್ಲ. ಆದರೆ ದ್ವೀಪದ ವ್ಯಾಪಾರಿ ಹೆಂಗಸು ಬ್ಲಡಿ ಮೇರಿಯಾಗಿ ರಂಗದ ಮೇಲೆ ತಾವೇ ಹಾಡಿ ಟೋನಿ ಪ್ರಶಸ್ತಿ ಪಡೆದ ಹುವಾನಿಟಾ ಹಾಲ್‌ಗೂ ಮ್ಯೂರಿಯಲ್ ಸ್ಮಿತ್ ದನಿ ಕೊಡಿಸಿದ್ದು ವಿಚಿತ್ರವೇ. ನೆಲ್ಲಿ ಪಾತ್ರದ ಮಿಟ್ಜಿ ಗೇನರ್ ತಮ್ಮದೇ ಕಂಠದಲ್ಲಿ ಹಾಡಿದ್ದಾರೆ.

ಈ ಕೊರತೆ ತುಂಬುವುದು 2005ರ ಕಾರ್ನೆಗಿ ಹಾಲ್ ಕಛೇರಿ. ನೆಲ್ಲಿಯಾಗಿ ರೀಬಾ ಮೆಕೆಂಟೈರ್, ಎಮಿಲ್ ಆಗಿ ಬ್ರಯನ್ ಸ್ಟೋಕ್ಸ್ ಮಿಚೆಲ್ ವೇದಿಕೆಯಲ್ಲೇ ಹಾಡುತ್ತಾರೆ, ವಾದ್ಯವೃಂದ ಕಣ್ಣೆದುರೇ ಇದೆ. ಮಿಚೆಲ್ ‘ದಿಸ್ ನಿಯರ್ಲಿ ವಾಸ್ ಮೈನ್’ ಹಾಡುವಾಗ 1958ರದ್ದು ನೆನಪಾಗುವುದಿಲ್ಲ. ಆದರೆ ದ್ವೀಪವಿಲ್ಲ, ಸೆಟ್ಟಿಲ್ಲ, ಸಂಭಾಷಣೆಯನ್ನೂ ಮೊಟಕು ಮಾಡಿದ್ದಾರೆ. ಕಥೆ ಗೊತ್ತಿಲ್ಲದವರಿಗೆ ಬ್ಲಡಿ ಮೇರಿಯ ಮಗಳು ಲಿಯಾಟ್ ಮತ್ತು ಕೇಬಲ್‌ರ ಪ್ರೇಮದ ಎಳೆ ಹಿಡಿಯುವುದು ಕಷ್ಟ.

2001ರ ಟಿವಿ ಚಿತ್ರ ಕೊನೆಗಿರಲಿ. ಗ್ಲೆನ್ ಕ್ಲೋಸ್ ಒಳ್ಳೆಯ ನಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಮೆರಿಕದ ದಕ್ಷಿಣ ಭಾಗದ ಲಿಟಲ್ ರಾಕ್ ಊರಿನಿಂದ ಬಂದ, ಲೋಕ ಕಾಣದ ಹುಡುಗಿಯ ಪಾತ್ರ ಐವತ್ತು ದಾಟಿದ ಮುಖದಲ್ಲಿ ಬೇರೆಯೇ ಆಗುತ್ತದೆ: ನೆಲ್ಲಿಯ ವರ್ಣದ್ವೇಷ ಎಳೆತನದ ಅಜ್ಞಾನವಾಗಿ ಕಾಣದೆ ಗಟ್ಟಿಯಾದ ನಿಲುವಿನಂತೆ ಕೇಳಿಸುತ್ತದೆ. ‘ಹ್ಯಾಪಿ ಟಾಕ್’ ಹಾಡೂ ಇದರಲ್ಲಿಲ್ಲ.