ಡಲ್ಲಾಸ್‌ನ ಬುಷ್ ಮ್ಯೂಸಿಯಂ: ಆ ಒಂದು ಥಿಯೇಟರ್‌ಗೋಸ್ಕರ ಆದ್ರೂ ಹೋಗಿ ಬನ್ನಿ

ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿ ಕ್ಯಾಂಪಸ್ ಒಳಗಡೆ ಇರೋ, ಅಮೆರಿಕದ ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯೂ ಬುಷ್ ಅವರ ಮ್ಯೂಸಿಯಂಗೆ ಮಗಳನ್ನ ಕರ್ಕೊಂಡು ಹೋಗಿದ್ದೆ. 2013ರಲ್ಲಿ ಶುರುವಾಗಿದ್ದು. ಓವಲ್ ಆಫೀಸನ್ನ, ಅಂದ್ರೆ ವೈಟ್ ಹೌಸ್‌ನಲ್ಲಿರೋ ಅಧ್ಯಕ್ಷರ ಕಚೇರಿನ, ಇದ್ದ ಹಾಗೇ ಕಟ್ಟಿದಾರೆ, ಮೇಜಿನ ಹಿಂದೆ ಕೂತು ಫೋಟೋ ತೆಗೆಸ್ಕೋಬಹುದು. ಸೆಪ್ಟೆಂಬರ್ 11ರ ಭಾಗದಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್‌ನ ಉಕ್ಕಿನ ತೊಲೆ ನಿಲ್ಲಿಸಿದಾರೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿದೆ, ಅದರ ಮುಂದೆ ಯಾರ ಬಾಯಿಂದಾನೂ ಮಾತು ಬರಲ್ಲ.

ನಾನು ಬರೀಬೇಕು ಅನ್ಕೊಂಡಿದ್ದು ಡಿಸಿಷನ್ ಪಾಯಿಂಟ್ಸ್ ಥಿಯೇಟರ್ ಬಗ್ಗೆ. ಒಬ್ಬೊಬ್ಬರ ಮುಂದೆ ಒಂದು ಟಚ್‌ಸ್ಕ್ರೀನ್, ಇರಾಕ್ ಯುದ್ಧ, ಸರ್ಜ್ (2007ರಲ್ಲಿ ಇರಾಕ್‌ಗೆ ಹೆಚ್ಚುವರಿ ಸೈನ್ಯ ಕಳಿಸಿದ್ದು), ಕತ್ರೀನಾ ಚಂಡಮಾರುತ, ಬ್ಯಾಂಕುಗಳ ಕುಸಿತ, ಇಷ್ಟರಲ್ಲಿ ಒಂದನ್ನ ಎಲ್ರೂ ಸೇರಿ ಆರಿಸ್ಬೇಕು. ನಮ್ಮ ಗುಂಪು ಇರಾಕ್ ಆರಿಸ್ತು, ಅಲ್ಲಿ ಆಳ್ತಿದ್ದ ಸದ್ದಾಮ್ ಹುಸೇನ್ ಹತ್ರ ಸಾಮೂಹಿಕ ವಿನಾಶದ ಆಯುಧ ಇದೆ ಅನ್ನೋದೇ ಆ ಯುದ್ಧಕ್ಕೆ ಕೊಟ್ಟಿದ್ದ ಮುಖ್ಯ ಕಾರಣ. ಸ್ಕ್ರೀನ್ ಮೇಲೆ ಸಲಹೆಗಾರರು ಒಬ್ಬೊಬ್ಬರಾಗಿ ಬಂದು ಅವರವರ ಮಾತು ಹೇಳ್ತಾರೆ, ಮೇಲೆ ಟೈಮ್ ಓಡ್ತಾ ಇರುತ್ತೆ, ಮಧ್ಯೆ ಮಧ್ಯೆ ಬ್ರೇಕಿಂಗ್ ನ್ಯೂಸ್ ಬೇರೆ, ಕೊನೆಗೆ ಯುದ್ಧಾನಾ, ವಿಶ್ವಸಂಸ್ಥೆಯಲ್ಲಿ ಇನ್ನೊಂದು ನಿರ್ಣಯಾನಾ, ಸದ್ದಾಮ್‌ನ ಹಾಗೇ ಬಿಡೋದಾ ಅಂತ ಒತ್ಬೇಕು. ಆಮೇಲೆ ಬುಷ್ ಅವ್ರೇ ಸ್ಕ್ರೀನ್ ಮೇಲೆ ಬಂದು ತಾವು ಯಾಕೆ ಹಾಗೆ ಮಾಡಿದ್ವಿ ಅಂತ ಹೇಳ್ತಾರೆ. ನಿಜ ಹೇಳ್ತೀನಿ, 2003ರಿಂದ ಆ ಯುದ್ಧ ತಪ್ಪು ಅಂತಾನೇ ವಾದ ಮಾಡ್ಕೊಂಡು ಬಂದೋನು ನಾನು, ಅಲ್ಲಿ ಕೂತಾಗ ಬೆರಳು ತಡವರಿಸ್ತು.

ಹೊರಗೆ ಬಂದ್ಮೇಲೆ ಮಗಳು ಕೇಳಿದ್ದು ಒಂದೇ ಪ್ರಶ್ನೆ, "ಅಪ್ಪಾ, ಆಮೇಲೆ ಆ ಆಯುಧ ಸಿಕ್ತಾ?" ಸಿಗ್ಲಿಲ್ಲ ಕಣಮ್ಮ ಅಂದೆ. ಹುಡುಕೋಕೆ ಅಂತ ಅಮೆರಿಕಾನೇ ಕಳಿಸಿದ್ದ ತಂಡ 2004ರಲ್ಲಿ ಸಂಗ್ರಹ ಯಾವ್ದೂ ಇರ್ಲಿಲ್ಲ ಅಂತ ವರದಿ ಕೊಡ್ತು. ಥಿಯೇಟರ್ ನಮ್ಮನ್ನ ಕೇಳೋದು, ಈ ರೂಮಿನಲ್ಲಿ ಇಷ್ಟು ಮಾಹಿತಿ ಇದ್ರೆ ನೀವೇನು ಮಾಡ್ತಿದ್ರಿ ಅಂತ. ಇತಿಹಾಸ ಕೇಳೋದು ಅದಲ್ಲ, ಯಾವ ಮಾಹಿತಿ ಆ ರೂಮಿಗೆ ಬರ್ಲೇ ಇಲ್ಲ, ಯಾಕೆ ಬರ್ಲಿಲ್ಲ, ಅನುಮಾನಗಳು ದಾರೀಲಿ ಎಲ್ಲಿ ಉದುರಿ ಹೋದ್ವು ಅಂತ. ಆ ಭಾಗಕ್ಕೂ ಒಂದು ಸ್ಕ್ರೀನ್ ಇರ್ಬೇಕಿತ್ತು ಅನ್ನಿಸ್ತು ನಂಗೆ.

ಗ್ಯಾಲಪ್ ಸಮೀಕ್ಷೇಲಿ 2001ರ ಸೆಪ್ಟೆಂಬರ್‌ನಲ್ಲಿ ಬುಷ್‌ಗೆ 90% ಜನರ ಮೆಚ್ಚುಗೆ ಇತ್ತು, 2008ರ ಅಕ್ಟೋಬರ್ ಹೊತ್ತಿಗೆ 25%. ಅವರ ಪರ ಇರೋರು ಎರಡನೇ ಮಹಾಯುದ್ಧ ಮುಗಿದಾಗ ಅಧ್ಯಕ್ಷರಾಗಿದ್ದ ಟ್ರೂಮನ್ ಉದಾಹರಣೆ ಕೊಡ್ತಾರೆ, ಅವರೂ ಕೊರಿಯಾ ಯುದ್ಧದ ಕಾಲದಲ್ಲಿ 22%ಗೆ ಇಳಿದಿದ್ರು, ಈಗ ಒಳ್ಳೇ ಅಧ್ಯಕ್ಷರ ಸಾಲಲ್ಲಿ ಇದಾರೆ ಅಂತ. ಸರಿ, ಆದ್ರೆ ಟ್ರೂಮನ್ ಹೆಸರು ಉಳಿದಿದ್ದು ವರ್ಷ ಕಳೀತು ಅನ್ನೋ ಕಾರಣಕ್ಕೆ ಅಲ್ವಲ್ಲ, ಯುದ್ಧದಲ್ಲಿ ಹಾಳಾದ ಯೂರೋಪನ್ನ ಮತ್ತೆ ಕಟ್ಟೋಕೆ ನೆರವು ಕೊಟ್ಟ ಮಾರ್ಷಲ್ ಪ್ಲಾನ್, 1949ರ ನೇಟೋ ಸೈನಿಕ ಕೂಟ, ಇವೆಲ್ಲ ಅವರು ಹೋದ್ಮೇಲೂ ಕೆಲಸ ಮಾಡಿದ್ವು. ಇರಾಕ್‌ನಲ್ಲಿ 2007ರ ಸರ್ಜ್ ಆದ್ಮೇಲೆ ಹಿಂಸೆ ಇಳೀತು ನಿಜ, ಆದ್ರೆ 2014ರಲ್ಲಿ ಅಲ್ಲಿನ ಮೋಸುಲ್ ನಗರ ಐಸಿಸ್ ಉಗ್ರರ ಕೈಗೆ ಹೋಯ್ತು. ಸುಮಾರು 4,500 ಅಮೆರಿಕನ್ ಸೈನಿಕರು, ಅದಕ್ಕಿಂತ ಎಷ್ಟೋ ಪಟ್ಟು ಇರಾಕಿಗಳು ಸತ್ತಿದಾರೆ, ಆ ಲೆಕ್ಕ ಇನ್ನೂ 50 ವರ್ಷ ಕಳೆದ್ರೂ ಚಿಕ್ಕದಾಗಲ್ಲ.

ಹಂಗಂತ ಎಲ್ಲಾನೂ ಇರಾಕ್ ಒಂದರ ಲೆಕ್ಕಕ್ಕೆ ಬರೆದುಬಿಡೋದೂ ಅನ್ಯಾಯ. 2003ರಲ್ಲೇ ಏಡ್ಸ್ ವಿರುದ್ಧ 5 ವರ್ಷಕ್ಕೆ 1,500 ಕೋಟಿ ಡಾಲರ್‌ನ ಪೆಪ್‌ಫಾರ್ ಶುರು ಮಾಡಿದ್ರು, ಆಫ್ರಿಕಾದಲ್ಲಿ ಲಕ್ಷಾಂತರ ಜನ ಆ ಮಾತ್ರೆಗಳಿಂದ ಬದುಕಿದಾರೆ, ಆಗ ಟಿವೀಲಿ ಅದರ ಸುದ್ದಿ ನೋಡಿದ ನೆನಪೇ ಇಲ್ಲ ನಂಗೆ. ಭಾರತದ ವಿಷಯಕ್ಕೆ ಬಂದ್ರೆ, 1974ರ ಪೋಖ್ರಾನ್ ಪರೀಕ್ಷೆ ಆದ್ಮೇಲೆ ಮುಚ್ಚಿದ್ದ ಅಣು ವ್ಯಾಪಾರದ ಬಾಗಿಲು ತೆಗೆದಿದ್ದು 2005ರಲ್ಲಿ ಮನಮೋಹನ್ ಸಿಂಗ್ ಜೊತೆ ಶುರುವಾಗಿ 2008ರಲ್ಲಿ ಮುಗಿದ ಒಪ್ಪಂದ. ಇವೆರಡು ಟ್ರೂಮನ್ ಥರದ ಕೆಲಸ ಅಂತ ನನ್ನ ಅಭಿಪ್ರಾಯ, ಕಟ್ಟಿದ್ದು, ಅವರು ಹೋದ್ಮೇಲೂ ಉಳಿದಿದ್ದು.

ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೀನಿ. ಹೈಸ್ಕೂಲ್ ಮಕ್ಕಳಿದ್ರೆ ಖಂಡಿತ ಕರ್ಕೊಂಡು ಹೋಗಿ, ಅರ್ಧ ದಿನ ಇಟ್ಕೊಳ್ಳಿ. ಥಿಯೇಟರ್‌ನಲ್ಲಿ ಎರಡು ಸಲ ಕೂರಿ, ಎರಡನೇ ಸಲ ಸಲಹೆಗಾರರು ಏನು ಹೇಳ್ಲಿಲ್ಲ ಅನ್ನೋದನ್ನ ಮಕ್ಕಳ ಕೈಲಿ ಒಂದು ಚೀಟೀಲಿ ಬರೆಸಿ. ನನ್ನ ಮಗಳು ಬರೆದಿದ್ದು ಆರು ಸಾಲು.