ಸೈನ್ಸ್ ಇನ್ ದ ಮೇಕಿಂಗ್: ರೆಫರಿಗಳ ಜಗಳ ನೋಡೋಕೆ ಒಳ್ಳೆ ಜಾಗ

ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿ ತನ್ನ ಹಳೆ ಹಸ್ತಪ್ರತಿ, ಪತ್ರ, ರೆಫರಿ ವರದಿಗಳನ್ನು ಸ್ಕ್ಯಾನ್ ಮಾಡಿ ‘ಸೈನ್ಸ್ ಇನ್ ದ ಮೇಕಿಂಗ್’ ಅನ್ನೋ ವೆಬ್‌ಸೈಟಿನಲ್ಲಿ ಇಟ್ಟಿದೆ. ಪುಕ್ಕಟೆ. ರೆಫರಿ ಅಂದ್ರೆ ಬಂದ ಪ್ರಬಂಧ ಅಚ್ಚಿಗೆ ಯೋಗ್ಯವಾ ಅಂತ ಓದಿ ಹೇಳುವ ಇನ್ನೊಬ್ಬ ತಜ್ಞ. ವಿಜ್ಞಾನದ ಇತಿಹಾಸ ಅಂದ್ರೆ ಆಕಳಿಕೆ ಬರುವವರು ಕೂಡ ಆ ರೆಫರಿ ವರದಿಗಳನ್ನು ಒಮ್ಮೆ ತೆಗೆದು ನೋಡಬೇಕು. ಅಲ್ಲಿರೋದು ಅಪ್ಪಟ ಜಗಳ.

ಶುರುವಾಗಿದ್ದೇ ಜಗಳದಿಂದ. 1831ರಲ್ಲಿ ಕೇಂಬ್ರಿಡ್ಜಿನ ವಿಲಿಯಂ ಹ್ಯೂಯೆಲ್, ಸೊಸೈಟಿಗೆ ಬರುವ ಪ್ರಬಂಧಗಳ ಬಗ್ಗೆ ವರದಿ ಬರೆಸಿ ಅಚ್ಚು ಹಾಕೋಣ ಅಂತ ಸಲಹೆ ಕೊಟ್ಟರು. ಮೊದಲಿಗೆ ಸಿಕ್ಕಿದ್ದು ಅವರ ಗೆಳೆಯ, ಖಗೋಳವಿಜ್ಞಾನಿ ಜಾರ್ಜ್ ಏರಿಯವರ ಪ್ರಬಂಧ. ಭೂಮಿ ಮತ್ತು ಶುಕ್ರ ಒಂದನ್ನೊಂದು ಸೆಳೆಯುವುದರಿಂದ ಅವುಗಳ ಚಲನೆಯಲ್ಲಿ ಸುಮಾರು 240 ವರ್ಷಕ್ಕೊಮ್ಮೆ ಮರುಕಳಿಸುವ ಸಣ್ಣ ಏರುಪೇರಿನ ಲೆಕ್ಕ ಅದು. ಹ್ಯೂಯೆಲ್ ಒಬ್ಬ ರೆಫರಿ, ಜೊತೆ ರೆಫರಿ ಜಾನ್ ಲಬಕ್. ಬ್ಯಾಂಕರ್, ಖಗೋಳದ ಗಣಿತದಲ್ಲೂ ಪಳಗಿದ ಕೈ. ಹ್ಯೂಯೆಲ್‌ಗೆ ಬೇಕಿದ್ದದ್ದು, ಈ ಕೆಲಸ ಎಷ್ಟು ದೊಡ್ಡದು ಅಂತ ಜನಕ್ಕೆ ತಿಳಿಸುವ ಬರಹ. ಲಬಕ್ ಮಾತ್ರ ಪೆನ್ನು ಹಿಡಿದು ಒಂದೊಂದೇ ಸಾಲಿನ ಲೆಕ್ಕಕ್ಕೆ ಇಳಿದುಬಿಟ್ಟರು, ವಿಧಾನ ಸರಿಯಿಲ್ಲ ಅಂದರು, ಅಷ್ಟು ಸಾಲದು ಅಂತ ನೇರವಾಗಿ ಏರಿಗೇ ಪತ್ರ ಬರೆದರು. ಏರಿಗೆ ಉರಿಯಿತು. ತಪ್ಪು ಹುಡುಕೋದು ನಮ್ಮ ಕೆಲಸವಲ್ಲ ಅಂತ ಹ್ಯೂಯೆಲ್, ಮತ್ತೆ ನಾವಿರೋದು ಯಾಕೆ ಅಂತ ಲಬಕ್. ಕೊನೆಗೆ ಸೋತದ್ದು ಲಬಕ್, ಹ್ಯೂಯೆಲ್ ಬರೆದದ್ದೇ 1832ರಲ್ಲಿ ಅಚ್ಚಾಯಿತು. ಸ್ವಲ್ಪ ಕಾಲದಲ್ಲೇ ವರದಿ ಅಚ್ಚು ಹಾಕೋದು ನಿಂತು, ಎಲ್ಲ ಗುಟ್ಟಾಗಿ ನಡೆಯತೊಡಗಿತು. ಜಗಳ ನಿಂತಿತು ಅಂತಲ್ಲ, ಹೊರಗೆ ಕಾಣದ ಹಾಗಾಯಿತು ಅಷ್ಟೆ.

ಇದನ್ನು ಓದಿದಾಗ ನಾನು ಪೂರ್ತಿ ಲಬಕ್ ಪರ. ಪಾಪ, ಲೆಕ್ಕ ನೋಡಿದ್ದೇ ತಪ್ಪಾ?

ಆಮೇಲೆ 1845ಕ್ಕೆ ಬಂದೆ. ಬಾಂಬೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕಾ ಕೆಡೆಟ್‌ಗಳಿಗೆ ಪಾಠ ಹೇಳುತ್ತಿದ್ದ ಜಾನ್ ಜೇಮ್ಸ್ ವಾಟರ್‌ಸ್ಟನ್ ಅಂತ ಒಬ್ಬರು. ಅನಿಲದ ಕಣಗಳು ಎಲ್ಲ ಕಡೆ ಓಡಾಡುತ್ತಾ ಡಿಕ್ಕಿ ಹೊಡೆಯುತ್ತಿರುತ್ತವೆ, ಒತ್ತಡ, ಶಾಖ ಎಲ್ಲ ಬರೋದು ಅದರಿಂದಲೇ ಅಂತ ಬರೆದು ಕಳಿಸಿದರು. ಇಬ್ಬರು ರೆಫರಿಗಳು. ಆಕ್ಸ್‌ಫರ್ಡಿನ ಬೇಡನ್ ಪೊವೆಲ್ ಮರ್ಯಾದೆಯಾಗಿ, ಇದರ ಬುಡವೇ ಒಪ್ಪೋಕೆ ಕಷ್ಟ ಅಂದರು. ಇನ್ನೊಬ್ಬರು ಇದೇ ಲಬಕ್! ಬರೀ ಅಸಂಬದ್ಧ, ಸಭೆಯಲ್ಲಿ ಓದೋಕೂ ಲಾಯಕ್ಕಿಲ್ಲ ಅಂತ ಬರೆದುಬಿಟ್ಟರು. ಏರಿಯ ಲೆಕ್ಕವನ್ನು ಸಾಲುಸಾಲಾಗಿ ನೋಡಿದವರು ದೂರದ ಮೇಷ್ಟ್ರಿಗೆ ಕೊಟ್ಟದ್ದು ಇಷ್ಟೇ. ಪ್ರಬಂಧ ಕಪಾಟು ಸೇರಿತು. ವಾಟರ್‌ಸ್ಟನ್ 1883ರಲ್ಲಿ ತೀರಿಕೊಂಡರು. ಕಾರ್ಯದರ್ಶಿಯಾಗಿದ್ದ ಲಾರ್ಡ್ ರೇಲಿ 1891ರಲ್ಲಿ ಅದನ್ನು ಹೊರಗೆ ತೆಗೆದು, ಮರುವರ್ಷ ಮುನ್ನುಡಿ ಬರೆದು ಅಚ್ಚು ಹಾಕಿಸಿದರು. ಅಷ್ಟರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಅದೇ ದಾರಿಯಲ್ಲಿ ಎಷ್ಟೋ ಮುಂದೆ ಹೋಗಿದ್ದರು.

ತಮಾಷೆ ಅಂದ್ರೆ ಉಲ್ಟಾ ಕೂಡ ಆಗಿದೆ. ಡಾರ್ವಿನ್ 1839ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್ ರಾಯ್ ಕಣಿವೆಯ ಇಳಿಜಾರಿನಲ್ಲಿರೋ ಮೆಟ್ಟಿಲಿನಂಥ ಪಟ್ಟೆಗಳು ಹಳೆ ಕಡಲತೀರ ಅಂತ ಬರೆದರು, ಅದು ಪಾಸ್ ಆಯಿತು. ಅವು ಹಿಮಗಡ್ಡೆ ಕಟ್ಟೆಯಾಗಿ ನಿಂತು ಆದ ಕೆರೆಗಳ ದಂಡೆಗಳು. ಡಾರ್ವಿನ್ನೇ ಆಮೇಲೆ ತಪ್ಪು ಒಪ್ಪಿಕೊಂಡರು. ಇನ್ನು ಜೀವವಿಜ್ಞಾನಿ ಹಕ್ಸ್ಲಿ, ಆಗ 26ರ ಹುಡುಗ, ತನ್ನ ಪ್ರಬಂಧ ಆ ಕಾಲದ ದೊಡ್ಡ ಪ್ರಾಣಿವಿಜ್ಞಾನಿ ರಿಚರ್ಡ್ ಓವೆನ್ ಕೈಗೆ ಸಿಗದಂತೆ ಉಪಾಯ ಮಾಡಬೇಕು ಅಂತ 1852ರಲ್ಲಿ ಅಕ್ಕನಿಗೆ ಬರೆದಿದ್ದರು.

ಕಷ್ಟ ಇರೋದು ಕೈಬರಹದಲ್ಲಿ. ಆ ಕಾಲದ ದೊಡ್ಡವರ ಅಕ್ಷರ ನೋಡಿದ್ರೆ ಇರುವೆ ಶಾಯಿಯಲ್ಲಿ ಬಿದ್ದು ಎದ್ದು ಓಡಿದ ಹಾಗಿದೆ. ಮೊಬೈಲಿನಲ್ಲಿ ಪ್ರಯತ್ನ ಬೇಡ, ದೊಡ್ಡ ಪರದೆ ಬೇಕು. ಮೊದಲು ಸಹಿ ಮತ್ತು ಕೊನೆಯ ಎರಡು ಸಾಲು ಓದಿ, ತೀರ್ಪು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಮತ್ತೆ, ಪ್ರಬಂಧ ಬರೆದವರ ಹೆಸರು ಹಿಡಿದು ಹೋಗುವುದಕ್ಕಿಂತ ರೆಫರಿಯ ಹೆಸರು ಹಿಡಿದು ಹೋಗಿ, ಒಬ್ಬನ ಸಿಟ್ಟು, ಸೋಮಾರಿತನ, ಒಳ್ಳೆತನ ಎಲ್ಲ ವರ್ಷ ವರ್ಷ ಹೇಗೆ ಬದಲಾಯಿತು ಅಂತ ಕಾಣುತ್ತದೆ. ನಾನೀಗ ಗಣಿತ-ಭೌತವಿಜ್ಞಾನಿ ಸ್ಟೋಕ್ಸ್ ಹತ್ತಿರ ಇದ್ದೇನೆ. 1854ರಿಂದ 1885ರವರೆಗೆ ಸೊಸೈಟಿಯ ಕಾರ್ಯದರ್ಶಿ, 31 ವರ್ಷ ರೆಫರಿಗಳ ನಡುವೆ ಸಿಕ್ಕಿಕೊಂಡಿದ್ದ ಮನುಷ್ಯ. ಸದ್ಯಕ್ಕೆ ಮುಗಿಯುವ ಹಾಗೆ ಕಾಣುತ್ತಿಲ್ಲ.